ಮಾವನವರ ಮನವಿ ಪತ್ರ

ನಮ್ಮನ್ನು ನೋಡಲು ಕುವೈತಿಗೆ ಬಂದ ಮೂರನೆಯ ದಿನ ಸಂಜೆ, ಎಲ್ಲರೂ ಊಟಕ್ಕೆ ಕೂತಿದ್ದಾಗ, ನಮ್ಮ ಮಾವನವರು ಎದ್ದು ನಿಂತು ಮುಷ್ಟಿ ಬಿಗಿದು ನಮ್ಮಲ್ಲಿ ಬಾಡಿಗೆಗಿದ್ದ ಹುಡುಗಿಗೆ "ಲಾಲ್ ಸಲಾಂ" ಅಂದರು. ಅವಳು ಬಾಯಿಯ ಹತ್ತಿರ ಒಯ್ದಿದ್ದ ತುತ್ತನ್ನು ತಟ್ಟೆಯಲ್ಲೇ ಬಿಟ್ಟು, ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

"ನಾ ಏನ್ ತಪ್ಪು ಅಂದೆ, ನೀಲವ್ವಾ?" ಮಾವನವರ ಮುಷ್ಟಿ ಇನ್ನೂ ಅರ್ಧ ಮೇಲೆಯೇ ಇತ್ತು.

"ಏನಿಲ್ರಿ. ಅಕಿಗೆ ದಣಿವಾಗೇತಿ. ನೀವು ಕೂಡ್ರಿ, ರೊಟ್ಟಿ ಆರತಾವು."

ಹದಿನೈದು ವರ್ಷದ ನನ್ನ ಮಗಳು ಸಾಕ್ಷಿ ನಕ್ಕಳು. "ಅಜ್ಜಾ, ಯು ಸ್ಕೇರ್ಡ್ ಹರ್."

"ಏನಂತಾಳ ಇಕಿ?"

"ಅಕಿ ಅಂಜಿದ್ಲಂತ."

"ಲಾಲ್ ಸಲಾಂಗ ಅಂಜಾಕ ಅಕಿ ಏನ್ ಗಿರಣಿ ಮಾಲಕನ ಮಗಳೇನು?" ಎಂದು ಮಾವನವರು ಕೂತು ರೊಟ್ಟಿ ಮುರಿದರು.

ಮಾವನವರ ಹೆಸರು ಬಸಲಿಂಗಯ್ಯ. ಹುಬ್ಬಳ್ಳಿಯ ಬಟ್ಟೆ ಗಿರಣಿಯಲ್ಲಿ ಮೂವತ್ತು ವರ್ಷ ದುಡಿದವರು, ಅದರಲ್ಲಿ ಇಪ್ಪತ್ತು ವರ್ಷ ಕಾರ್ಮಿಕ ಸಂಘದ ಕಾರ್ಯದರ್ಶಿ. ಕೊರಳಲ್ಲಿ ಲಿಂಗ, ಕೈಯಲ್ಲಿ ಕೆಂಪು ಬಾವುಟ; ಎರಡನ್ನೂ ಬಿಟ್ಟವರಲ್ಲ. ಹತ್ತೊಂಬತ್ತರ ವಯಸ್ಸಿನಲ್ಲಿ ವಿಯೆಟ್ನಾಮಿನ ಯುದ್ಧ ನಿಲ್ಲಿಸಿ ಎಂದು ಹುಬ್ಬಳ್ಳಿಯಲ್ಲಿ ಮೆರವಣಿಗೆ ಮಾಡಿ, ಒಂದು ದಿನದ ಪಗಾರವನ್ನು ಆ ದೇಶಕ್ಕೆ ಕಳಿಸಿದ್ದರಂತೆ. ನಮ್ಮ ಮನೆಯಲ್ಲಿ ವಿಯೆಟ್ನಾಮಿನ ಹುಡುಗಿ ಇದ್ದಾಳೆ ಎಂದು ಗೊತ್ತಾದದ್ದೇ ತಡ, ಅವರಿಗೆ ಸಂಬಂಧಿಕರು ಸಿಕ್ಕಷ್ಟು ಸಂತೋಷ.

ನಾವಿರುವುದು ಕುವೈತಿನ ಅಬ್ಬಾಸಿಯಾದ ಒಂದು ಕಟ್ಟಡದ ಐದನೆಯ ಮಹಡಿಯಲ್ಲಿ. ನನ್ನ ಗಂಡ ಸಿದ್ದಲಿಂಗೇಶ ಮೀನಾ ಅಬ್ದುಲ್ಲಾದ ತೈಲ ಶುದ್ಧೀಕರಣ ಘಟಕದಲ್ಲಿ ಪೈಪ್ ಇನ್‌ಸ್ಪೆಕ್ಟರ್. ಬೆಳಗಿನ ನಾಲ್ಕೂವರೆಗೆ ಕಂಪನಿ ಬಸ್ಸು ಹತ್ತಿದರೆ ಸಂಜೆ ಆರಕ್ಕೆ ಮನೆ. ಎರಡು ವರ್ಷದ ಹಿಂದೆ ಒಂದು ಕೋಣೆಯನ್ನು ಈ ಹುಡುಗಿ ತುಯೆತ್‌ಗೆ ಬಾಡಿಗೆಗೆ ಕೊಟ್ಟೆವು. ಅವಳು ಫರ್ವಾನಿಯಾದ ಒಂದು ಅಂಗಡಿಯಲ್ಲಿ ಅರಬ್ ಹೆಂಗಸರ ಕಪ್ಪು ನಿಲುವಂಗಿ, ಅಬಾಯಾ, ಹೊಲಿಯುತ್ತಾಳೆ. ಮೂವತ್ತೊಂದು ವರ್ಷ, ಆದರೆ ನೋಡಿದರೆ ಸಾಕ್ಷಿಯ ಅಕ್ಕನಂತೆ. ನಮ್ಮದು ಲಿಂಗಾಯತರ ಅಡುಗೆಮನೆ ಎಂದು ತಾನೇ ತಿಳಿದುಕೊಂಡು ತನ್ನ ಮೀನಿನ ಸಾರದ ಬಾಟಲಿಯನ್ನು ಬಾಲ್ಕನಿಯಲ್ಲಿ ಇಡುತ್ತಿದ್ದಳು. ಶೇಂಗಾ ಚಟ್ನಿ, ರೊಟ್ಟಿ ತಟ್ಟೆಗೆ ಹಾಕಿಕೊಂಡು ಬಾಲ್ಕನಿಗೆ ಹೋಗಿ ಎರಡು ಹನಿ ಸುರಿದುಕೊಂಡು ಅಲ್ಲೇ ನಿಂತು ತಿಂದು ಬರುವಳು. ನನ್ನನ್ನು ಅಕ್ಕ ಎನ್ನುತ್ತಿದ್ದಳು. ಅವಳ ಇಂಗ್ಲಿಷು ನನ್ನಷ್ಟೇ ಇದ್ದುದರಿಂದ ನಮ್ಮಿಬ್ಬರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

ಮರುದಿನ ಶುಕ್ರವಾರ. ಅವಳು ಅಡುಗೆಮನೆಗೆ ಬಂದು ನನ್ನ ಜೊತೆ ಮೆಂತ್ಯೆ ಸೊಪ್ಪು ಬಿಡಿಸುತ್ತಾ ಕೂತಳು.

"ಅಕ್ಕ, ಅಜ್ಜ ಕಮ್ಯುನಿಸ್ಟ್ ಪಾರ್ಟಿಯವರಾ?"

"ಹಿಂದೆ ಗಿರಣಿಯಲ್ಲಿ ಸಂಘ ಮಾಡಿದ್ದರು. ಈಗ ಬರೀ ಪೇಪರ್ ಓದುತ್ತಾರೆ."

ಅವಳು ಕೈಯಲ್ಲಿದ್ದ ಕಟ್ಟನ್ನು ಬಿಡಿಸಿ ಮುಗಿಸಿದಳು. ಆಮೇಲೆ ಎರಡು ವರ್ಷದಿಂದ ಹೇಳದೇ ಇದ್ದುದನ್ನು ಹೇಳಿದಳು. ಅವಳ ಅಣ್ಣ ಕ್ವಾಂಗ್ ಒಂದು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಮಷೀನ್ ಮೆಕ್ಯಾನಿಕ್. ಓವರ್‌ಟೈಮಿನಲ್ಲಿ ಹುಡುಗಿಯರು ಮಷೀನಿನ ಮೇಲೆಯೇ ಎಚ್ಚರತಪ್ಪಿ ಬೀಳುತ್ತಿದ್ದರು. ಸರಕಾರದ ಸಂಘ ಚಂದಾ ಎತ್ತುವುದು ಬಿಟ್ಟರೆ ಬೇರೇನೂ ಮಾಡಲಿಲ್ಲ. ಕ್ವಾಂಗ್ ಬೇರೆ ಸಂಘ ಕಟ್ಟಿದ. ಮೂರು ತಿಂಗಳಲ್ಲಿ ಇನ್ನೂರು ಜನ ಸೇರಿದರು. ನಾಲ್ಕನೆಯ ತಿಂಗಳು ಅವನನ್ನು ಹಿಡಿದರು. ಏಳು ವರ್ಷ ಶಿಕ್ಷೆ.

"ಸಂಘ ಕಟ್ಟಿದ್ದಕ್ಕಾ?"

"ಸರಕಾರದ ವಿರುದ್ಧ ಪ್ರಚಾರ ಅಂತ ಬರೆದಿದ್ದಾರೆ."

ಅವಳ ತಾಯಿ ತಿಂಗಳಿಗೊಮ್ಮೆ ಒಂಬತ್ತು ತಾಸು ಬಸ್ಸಿನಲ್ಲಿ ಹೋಗಿ, ಗಾಜಿನ ಆಚೆ ಇರುವ ಮಗನನ್ನು ಅರ್ಧ ಗಂಟೆ ನೋಡಿ ಬರುತ್ತಾಳೆ. ತುಯೆತ್ ಇಲ್ಲಿ ಕೂತು, ಹೆಸರು ಮುಖ ಯಾವುದೂ ಕಾಣದ ಹಾಗೆ, ಫೇಸ್‌ಬುಕ್ಕಿನಲ್ಲಿ ಅಣ್ಣನ ಒಂದು ಪುಟ ನಡೆಸುತ್ತಾಳೆ. ಅವನಿಗೆ ಜ್ವರ ಬಂದದ್ದು, ಅವನನ್ನು ಬೇರೆ ಜೈಲಿಗೆ ಒಯ್ದದ್ದು ಎಲ್ಲ ಅದರಲ್ಲಿ ಬರುತ್ತದೆ.

"ಅದು ನಾನು ಅಂತ ಅವರಿಗೆ ಗೊತ್ತಾದರೆ ಅಮ್ಮನನ್ನು ಒಳಗೆ ಬಿಡುವುದಿಲ್ಲ. ಆ ಅರ್ಧ ಗಂಟೆಗೇ ಅಮ್ಮ ಬದುಕಿರುವುದು."

"ನಾನು ಯಾರಿಗೂ ಹೇಳುವುದಿಲ್ಲ," ಅಂದೆ. ಹೇಳಲೂ ಇಲ್ಲ. ಆದರೆ ಆ ಪುಟದ ಇಂಗ್ಲಿಷನ್ನು ತಿದ್ದಿಕೊಡುತ್ತಿದ್ದವಳು ಸಾಕ್ಷಿ ಎಂಬುದು ನನಗೆ ಗೊತ್ತಿರಲಿಲ್ಲ.

ಮಾವನವರು ಸುಮ್ಮನಿರಲಿಲ್ಲ. ದಿನಾ ಊಟದ ಹೊತ್ತಿಗೆ ಸಾಕ್ಷಿಯನ್ನು ದುಭಾಷಿ ಮಾಡಿಕೊಂಡು ಅವಳಿಗೆ ಪ್ರಶ್ನೆ ಹಾಕುತ್ತಿದ್ದರು.

"ತಂಗೆವ್ವಗ ಕೇಳು, ಅಲ್ಲೆ ಗಿರಣಿ ಒಳಗ ಕೂಸುಗಳಿಗೆ ತೊಟ್ಟಿಲ ಮನಿ ಐತೇನಂತ."

"ಅಜ್ಜಾ, ಲೆಟ್ ಹರ್ ಈಟ್."

"ಕೇಳು ಅಂದ್ರ ಕೇಳವ್ವಾ. ಅವರದು ಕೆಲಸಗಾರರ ಸರಕಾರ. ನಮ್ಮಂಗ ಅಲ್ಲ."

ಎರಡು ವಾರ ಹೀಗೇ ನಡೆಯಿತು. ಒಂದು ಸಂಜೆ ಎಣ್ಣೆಗಾಯಿ ಬಡಿಸುತ್ತಿದ್ದೆ. ಮಾವನವರು ಮತ್ತೆ, "ಅಲ್ಲೆ ಸಂಘದ ಕಾರ್ಯದರ್ಶಿಗೆ ಎಷ್ಟು ಮರ್ಯಾದಿ ಇರತೈತಿ ಕೇಳು," ಅಂದರು. ಸಾಕ್ಷಿ ಚಮಚವನ್ನು ತಟ್ಟೆಗೆ ಕುಕ್ಕಿದಳು.

"ಸ್ಟಾಪ್ ಇಟ್ ಅಜ್ಜಾ. ಅವಳ ಅಣ್ಣ ಜೈಲಲ್ಲಿ ಇದ್ದಾನೆ. ಯೂನಿಯನ್ ಮಾಡಿದ್ದಕ್ಕೇ. ನಿಮ್ಮ ಕೆಲಸಗಾರರ ಸರಕಾರಾನೇ ಹಾಕಿದ್ದು."

ಸಿದ್ದಲಿಂಗೇಶ ನನ್ನ ಮುಖ ನೋಡಿದರು. ನಾನು ಎಣ್ಣೆಗಾಯಿಯ ಪಾತ್ರೆ ಕೆಳಗಿಟ್ಟೆ.

"ಆಗಾಕ ಸಾಧ್ಯ ಇಲ್ಲ," ಅಂದರು ಮಾವನವರು.

ತುಯೆತ್ ಈ ಸಲ ಎದ್ದು ಹೋಗಲಿಲ್ಲ. ಅಣ್ಣ, ಅಮ್ಮ, ತಾನು ನಡೆಸುವ ಪುಟ, ಎಲ್ಲವನ್ನೂ ಹೇಳಿದಳು. ಸಾಕ್ಷಿ ತನಗೆ ಬಂದಷ್ಟು ಕನ್ನಡದಲ್ಲಿ ತಿರುಗಿಸಿ ಹೇಳಿದಳು. ಮಾವನವರು ಕಿವಿ ಮುಂದೆ ಮಾಡಿ ಕೇಳಿದರು. ಕೊನೆಗೆ ಸಮಾಧಾನದ ದನಿಯಲ್ಲಿ, "ಇದು ಕೆಳಗಿನ ಅಧಿಕಾರಿಗಳ ಕೆಲಸ. ಮ್ಯಾಲಿನವರಿಗೆ ಮುಟ್ಟಿಲ್ಲ. ಮುಟ್ಟಿದ್ರ ಹಿಂಗ ಆಗ್ತಿದ್ದಿಲ್ಲ," ಅಂದರು.

ತುಯೆತ್ ಅದನ್ನು ಕೇಳಿಸಿಕೊಂಡು, "ನನ್ನ ಅಪ್ಪ ಸೈನಿಕ. ಅವನೂ ಸಾಯುವವರೆಗೆ ಇದನ್ನೇ ಹೇಳುತ್ತಿದ್ದ," ಅಂದಳು.

ಆಮೇಲೆ ಎರಡು ದಿನ ಮಾವನವರು ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಸಾಕ್ಷಿಯ ಹಳೆಯ ನೋಟ್‌ಬುಕ್ ಇಸಿದುಕೊಂಡು ಬರೆಯಲು ಕೂತರು. ಬರೆಯುವುದು, ಹೊಡೆದುಹಾಕುವುದು, ಮತ್ತೆ ಬರೆಯುವುದು. ಮುದುಕರಿಗೆ ಹೊತ್ತು ಹೋಗುತ್ತದಲ್ಲ ಎಂದು ನನಗೆ ನಿರಾಳವಾಯಿತು. ನಾನೇ ಎರಡು ಸಲ ಚಹಾ ಮಾಡಿಕೊಟ್ಟೆ. ಸಾಕ್ಷಿ ಶಾಲೆಯಿಂದ ಬಂದ ಮೇಲೆ ಅಜ್ಜ ಮೊಮ್ಮಗಳು ಲ್ಯಾಪ್‌ಟಾಪಿನ ಮುಂದೆ ಕೂತರು. "ಸಾಕ್ಷಿ, ಏನದು?" ಎಂದರೆ, "ಅಜ್ಜನ ಲೆಟರ್ ಮಮ್ಮಿ, ಐ ಆಮ್ ಟ್ರಾನ್ಸ್‌ಲೇಟಿಂಗ್," ಅಂದಳು. ಮಗಳು ಇಷ್ಟು ಕನ್ನಡ ಓದುತ್ತಿದ್ದಾಳಲ್ಲ ಎಂದು ಹಿಗ್ಗಿ ವಾಷಿಂಗ್ ಮಷೀನಿಗೆ ಬಟ್ಟೆ ಹಾಕಲು ಹೋದೆ.

ಗುರುವಾರ ನಾಲ್ಕು ಗಂಟೆಗೆ ಮಾವನವರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಹೊರಗಿನಿಂದ ಬಂದರು. ಲಿಫ್ಟು ಕೆಟ್ಟು ತಿಂಗಳಾಗಿತ್ತು. ಐದು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದರೂ ಮುಖ ಅರಳಿತ್ತು. ತುಯೆತ್ ಆಗತಾನೇ ಕೆಲಸದಿಂದ ಬಂದು ಚಹಾ ಕುಡಿಯುತ್ತಿದ್ದಳು. ಅವಳ ಮುಂದೆ ಮೂರು ಹಾಳೆ ಇಟ್ಟರು.

"ತಗೋ ತಂಗೆವ್ವಾ. ಓದು."

ಅದೊಂದು ಮನವಿ ಪತ್ರ. ಇಂಗ್ಲಿಷಿನಲ್ಲಿ, ಸಾಕ್ಷಿಯ ಶಾಲೆಯ ಇಂಗ್ಲಿಷಿನಲ್ಲಿ. ಮೊದಲ ಹಾಳೆಯ ಮೇಲೆ ಅವಳ ದೇಶದ ರಾಯಭಾರ ಕಚೇರಿಯ ದುಂಡನೆಯ ಮುದ್ರೆ, ಆ ದಿನದ ತಾರೀಖು. ಕೊನೆಯ ಹಾಳೆಯಲ್ಲಿ ನಮ್ಮ ಕಟ್ಟಡದ ಒಂಬತ್ತು ಜನರ ಸಹಿ, ಮೊಬೈಲ್ ನಂಬರು.

"ಕೈಯಾರೆ ಕೊಟ್ಟು ಬಂದೆ. ಕೆಳಗಿನ ಮನಿ ಡ್ರೈವರ್ ಬೀರಾನ್ ತನ್ನ ವ್ಯಾನಿನಾಗ ಕರಕೊಂಡು ಹೋಗಿದ್ದ. ಭಾಳ ಮರ್ಯಾದಿ ಕೊಟ್ರು, ಕೂಡ್ರಿಸಿ ಚಹಾ ಕೊಟ್ರು. ಒಂದು ಪ್ರತಿ ಅವರಿಗೆ, ಒಂದು ಪ್ರತಿ ಮ್ಯಾಲೆ ಮುದ್ರಿ ಹೊಡಿಸಿ ನಮಗ. ಮುದ್ರಿ ಇಲ್ಲದ ಮನವಿ ನಾ ಎಂದೂ ಕೊಟ್ಟಾಂವ ಅಲ್ಲ. ನಾಳೆ ಬಂದಿಲ್ಲ ಅಂತ ಅನ್ನಬಾರದಲ್ಲ."

ಸಾಕ್ಷಿ ಅದನ್ನು ತಿರುಗಿಸಿ ಹೇಳಲು ಬಾಯಿ ತೆರೆದವಳು ತುಯೆತ್‌ಳ ಮುಖ ನೋಡಿ ನಿಲ್ಲಿಸಿದಳು. ತುಯೆತ್ ಒಂದು ಸಾಲಿನ ಮೇಲೆ ಬೆರಳಿಟ್ಟು ಕೂತಿದ್ದಳು. ನಾನು ಬಗ್ಗಿ ಓದಿದೆ. ಸಂಘದ ಮನವಿಗಳಲ್ಲಿ ಹೊಗಳುವ ರೀತಿಯಲ್ಲೇ ಬರೆದಿತ್ತು: ಸಂಗಾತಿ ಕ್ವಾಂಗ್ ಅವರ ದಿಟ್ಟ ಸಹೋದರಿ ಕುವೈತಿನಲ್ಲಿ ಹೊಲಿಗೆ ಕೆಲಸ ಮಾಡುತ್ತ, ಅಣ್ಣನಿಗಾದ ಅನ್ಯಾಯವನ್ನು ಪ್ರತಿದಿನ ಲೋಕಕ್ಕೆ ತಿಳಿಸುತ್ತಿದ್ದಾರೆ. ಕೆಳಗೆ ಅವಳ ಹೆಸರು, ಅವಳ ತಾಯಿಯ ಹೆಸರು, ಊರು, ನಮ್ಮ ಮನೆಯ ವಿಳಾಸ.

ತುಯೆತ್ ಕುರ್ಚಿಯಿಂದ ಇಳಿದು ನೆಲದ ಮೇಲೆ ಕೂತಳು. ಅಳಲಿಲ್ಲ. ಚಹಾದ ಲೋಟವನ್ನು ಮಾತ್ರ ಎರಡೂ ಕೈಯಲ್ಲಿ ಹಿಡಿದಿದ್ದಳು. ನಾನು ಅದನ್ನು ಬಿಡಿಸಿಕೊಳ್ಳಲು ಹೋದರೆ ಬೆರಳುಗಳು ಸಡಿಲವಾಗಲಿಲ್ಲ.

"ಯಾಕವ್ವಾ? ಸಂತೋಷಕ್ಕೇನು?" ಅಂದರು ಮಾವನವರು.

ಸಿದ್ದಲಿಂಗೇಶ ಆರು ಗಂಟೆಗೆ ಬಂದರು. ಬೂಟು ಬಿಚ್ಚದೆ, ನಿಂತುಕೊಂಡೇ ಮೂರೂ ಹಾಳೆ ಓದಿದರು. ಅವರು ತಂದೆಯ ಮುಂದೆ ದನಿ ಏರಿಸಿದ್ದನ್ನು ಹದಿನೆಂಟು ವರ್ಷದಲ್ಲಿ ನಾನು ಕೇಳಿರಲಿಲ್ಲ.

"ಅಪ್ಪಾ, ಇದು ಹುಬ್ಬಳ್ಳಿ ಅಲ್ಲ. ಇಲ್ಲೆ ನಾವು ಹೊರಗಿನವರು. ರಾಜಕೀಯದ ಕಾಗದಕ್ಕ ಸಹಿ ಎತ್ತಿದ್ರಂತ ಯಾರರ ಒಂದು ಮಾತು ಹೇಳಿದ್ರ ಖಲಾಸ್, ವಿಮಾನಾ ಹತ್ತಿಸ್ತಾರ. ನನ್ನ ನೌಕರಿ, ಇಕಿ ಸಾಲಿ, ಎಲ್ಲಾ ಖಲಾಸ್."

"ನಾ ಏನ್ ಕಳುವು ಮಾಡೇನೇನು? ತಪ್ಪಾಗೇತಿ ಸರಿ ಮಾಡ್ರಿ ಅಂತ ನಮ್ಮವರಿಗೆ ಬರದೇನಿ."

"ಯಾರು ನಿಮ್ಮವರು? ಅಕಿ ಅಣ್ಣನ್ನ ಒಳಗ ಹಾಕಿದವರಾ?"

ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಕೆಳಗಿನ ಕಿರಾಣಿ ಅಂಗಡಿಯ ಸಿಲ್ವೆಸ್ಟರ್, ಮಂಗಳೂರಿನವರು. ಬೀರಾನ್ ಹೇಳಿ ಅವರಿಗೆ ವಿಷಯ ತಿಳಿದಿತ್ತು.

"ಅಲ್ಲ ಮಾರಾಯ್ರೆ, ನಾನು ಲಿಫ್ಟ್ ರಿಪೇರಿಗೆ ಅಂತ ಸೈನ್ ಹಾಕಿದ್ದು. ಅಜ್ಜೇರು ಪೇಪರ್ ಹಿಡ್ಕೊಂಡು ಬಂದ್ರು, ಲಿಫ್ಟಿಗೇ ಇರ್ಬೇಕು ಅಂತ ಎಲ್ಲರೂ ಹಾಕಿದ್ರು. ಈಗ ವಿಯೆಟ್ನಾಂ ಅಂತೆ, ಜೈಲಂತೆ. ನಂಗೆ ಮೂರು ಮಕ್ಕಳುಂಟು."

"ಓದಿ ಸಹಿ ಹಾಕ್ಬೇಕಿಲ್ಲೇನ್ರಿ?" ಅಂದರು ಮಾವನವರು.

"ಅಜ್ಜೇರೇ, ಇಷ್ಟು ಪ್ರಾಯದವರು ಕೇಳಿದ್ರೆ ಓದ್ಲಿಕ್ಕೆ ಆಗ್ತದಾ?"

ಸಿಲ್ವೆಸ್ಟರ್ ಹೋದ ಮೇಲೆ ಸಿದ್ದಲಿಂಗೇಶ ನನ್ನನ್ನು ಅಡುಗೆಮನೆಗೆ ಕರೆದು, "ಈ ತಿಂಗಳ ಕಡೀಕ ಅಕಿ ಬ್ಯಾರೆ ಕೋಲಿ ನೋಡಿಕೊಳ್ಳಲಿ," ಅಂದರು.

"ಅಕಿ ಏನ್ ಮಾಡ್ಯಾಳ್ರಿ? ಮಾಡಿದವರು ನಮ್ಮ ಮನಿಯವರು. ನಿಮ್ಮಪ್ಪ ಬರದ್ರು, ನಿಮ್ಮ ಮಗಳು ಟೈಪ್ ಮಾಡಿದ್ಲು, ನಾ ಚಹಾ ಕೊಟ್ಟೆ."

ಅವರು ಸಿಂಕಿನಲ್ಲಿ ಮುಖ ತೊಳೆದುಕೊಂಡು ಹೋದರು. ಆ ಮಾತು ಮತ್ತೆ ಎತ್ತಲಿಲ್ಲ.

ಹದಿನಾಲ್ಕು ದಿನ ಏನೂ ಆಗಲಿಲ್ಲ. ಮಾವನವರು ದಿನಾ ಬೆಳಿಗ್ಗೆ, "ಉತ್ತರ ಬಂತೇನು?" ಎಂದು ಕೇಳುತ್ತಿದ್ದರು. ತುಯೆತ್ ಅವರ ಜೊತೆ ಊಟಕ್ಕೆ ಕೂರುತ್ತಿರಲಿಲ್ಲ. ಸಾಕ್ಷಿ ಅವಳ ಕೋಣೆಯ ಮುಂದೆ ನಿಂತು "ಸಾರಿ" ಹೇಳಿ ಬರುತ್ತಿದ್ದಳು. ಒಳಗಿನಿಂದ ಪ್ರತಿ ಸಲವೂ "ಓಕೆ" ಎಂದು ಕೇಳಿಸುತ್ತಿತ್ತು, ಬಾಗಿಲು ತೆರೆಯುತ್ತಿರಲಿಲ್ಲ.

ಹದಿನೈದನೆಯ ದಿನ ಶುಕ್ರವಾರ. ನಾನು ರೊಟ್ಟಿ ಬಡಿಯುತ್ತಿದ್ದೆ. ತುಯೆತ್ ಫೋನು ಹಿಡಿದುಕೊಂಡು ಹೊರಗೆ ಬಂದು ಊಟದ ಮೇಜಿನ ಮೇಲೆ ಸ್ಪೀಕರ್ ಹಾಕಿ ಇಟ್ಟಳು. ಪರದೆಯ ಮೇಲೆ ಅವಳ ತಾಯಿ, ನೆರೆತ ಕೂದಲು, ಹಿಂದೆ ನೀಲಿ ಬಣ್ಣದ ಗೋಡೆ. ಆ ಮುದುಕಿ ಆತುರ ಆತುರವಾಗಿ ಮಾತಾಡುತ್ತಿದ್ದಳು. ನಮಗೆ ಒಂದಕ್ಷರವೂ ತಿಳಿಯಲಿಲ್ಲ. ನಡುವೆ ಅವಳು ತಡೆದು, ಕೈಯಲ್ಲಿದ್ದ ಚೀಟಿ ನೋಡಿಕೊಂಡು, ಒಂದೊಂದೇ ತುಂಡು ಮಾಡಿ ಹೇಳಿದಳು:

"ಬಾ. ಸಾ. ಲಿನ್. ಗಾಯ್."

ಮಾವನವರು ಪೇಪರ್ ಕೆಳಗಿಟ್ಟರು. ಮುದುಕಿ ಮತ್ತೆ ಹೇಳಿದಳು. ಪ್ರಶ್ನೆ ಕೇಳುವ ಹಾಗೆ.

"ಅಕಿ ನನ್ನ ಹೆಸರು ಯಾಕ ಹೇಳಾಕತ್ತಾಳ?"

ತುಯೆತ್ ಹೇಳಿದಳು, ಸಾಕ್ಷಿ ತಿರುಗಿಸಿದಳು. ಇಬ್ಬರು ಮನೆಗೆ ಬಂದಿದ್ದರಂತೆ. ಅವರ ಕೈಯಲ್ಲಿ ಅದೇ ಪತ್ರದ ನಕಲು ಇತ್ತಂತೆ. ಬಸಲಿಂಗಯ್ಯ ಯಾರು, ಯಾವ ದೇಶದ ಯಾವ ಸಂಸ್ಥೆಯವನು, ನಿನ್ನ ಮಗಳಿಗೆ ಎಷ್ಟು ದುಡ್ಡು ಕೊಡುತ್ತಾನೆ ಎಂದು ಎರಡು ತಾಸು ಕೇಳಿದರಂತೆ. ಈ ತಿಂಗಳ ಭೇಟಿ ರದ್ದು. ಮುಂದೆಯೂ ಇಲ್ಲ. ಒಂದೇ ದಾರಿ ಹೇಳಿ ಹೋಗಿದ್ದಾರೆ: ಮಗಳು ವಿಡಿಯೊದಲ್ಲಿ ಮುಖ ತೋರಿಸಿ, ವಿದೇಶಿ ಶತ್ರುಗಳು ತನ್ನನ್ನು ಮೋಸಗೊಳಿಸಿದರು, ಅಣ್ಣ ತಪ್ಪಿತಸ್ಥ, ಪುಟ ಮುಚ್ಚಿದ್ದೇನೆ ಎಂದು ಹೇಳಬೇಕು. ಒಂದು ವಾರ ಸಮಯ.

"ವಿದೇಶಿ ಶತ್ರು ಅಂದ್ರ ಯಾರು?" ಅಂದರು ಮಾವನವರು.

ಸಾಕ್ಷಿ ನನ್ನ ಕಡೆ ನೋಡಿದಳು. ನಾನು ಹೆಂಚಿನ ಮೇಲಿನ ರೊಟ್ಟಿ ತೆಗೆಯಲು ಮರೆತಿದ್ದೆ. ಹೊತ್ತಿದ ವಾಸನೆ ಬಂತು.

"ನೀವು, ಅಜ್ಜಾ."

ಮಾವನವರು ಮೇಜಿನ ಅಂಚು ಹಿಡಿದು ಕೂತರು. ಆ ದಿನ ನೀರು ಕೊಟ್ಟರೂ ಕುಡಿಯಲಿಲ್ಲ. ಮಗ ಹತ್ತಿರ ಹೋಗಿ "ಅಪ್ಪಾ" ಅಂದರೆ ಕೈ ಎತ್ತಿ ಬೇಡ ಅಂದರು. ಅವರ ಸಂಘದ ಕಾಲದ ಫೋಟೊ ಒಂದು ಪಾಕೀಟಿನಲ್ಲಿ ಸದಾ ಇರುತ್ತಿತ್ತು. ಅದನ್ನು ತೆಗೆದು ನೋಡಿ ಮತ್ತೆ ಒಳಗೆ ಇಟ್ಟರು.

ಐದು ದಿನ ತುಯೆತ್ ಕೆಲಸಕ್ಕೆ ಹೋಗಿ ಬಂದಳು. ಆರನೆಯ ದಿನ, ಮರು ಶುಕ್ರವಾರಕ್ಕೆ ಒಂದು ದಿನ ಮೊದಲು, ಮಾವನವರೇ ಅವಳ ಬಾಗಿಲು ಬಡಿದರು. ಕೈಯಲ್ಲಿ ನೋಟ್‌ಬುಕ್ಕಿನ ಹಾಳೆ.

"ತಂಗೆವ್ವಾ, ಬರದೇನಿ. ಸಾಕ್ಷಿ, ಅಕಿಗೆ ಹೇಳು. ನಾನ ಅಕಿಗೆ ಮೋಸ ಮಾಡಿದಾಂವ. ಸುಳ್ಳು ಹೇಳಿ ಅಕಿ ಹೆಸರು ಬಳಸಿದಾಂವ. ನನ್ನ ಹೆಸರು, ಊರು, ಎಲ್ಲಾ ಬರದೇನಿ. ಅಕಿ ಇದನ್ನ ಓದಲಿ. ತಾಯಿಗೆ ಬಾಗಲಾ ತೆಗೀತಾರ."

"ಅಪ್ಪಾ, ನಿಮ್ಮ ಹೆಸರು ವಿಡಿಯೊದಾಗ ಬ್ಯಾಡ," ಅಂದರು ಸಿದ್ದಲಿಂಗೇಶ. ಈಗ ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

"ಇರಲಿ. ಮುಂದಿನ ತಿಂಗಳು ನನ್ನ ವೀಸಾ ಮುಗೀತೈತಿ, ಹುಬ್ಬಳ್ಳಿಗೆ ಹೋಗಾಂವ ನಾನು. ನನಗೇನ್ ಮಾಡತಾರ?"

ಸಾಕ್ಷಿ ಹಾಳೆ ಓದಿ ಇಂಗ್ಲಿಷಿಗೆ ತಿರುಗಿಸಿದಳು. 'ಬಸಲಿಂಗಯ್ಯ ಎಂಬ ಕಾರ್ಮಿಕ ದ್ರೋಹಿ' ಎಂದು ತಾವೇ ಬರೆದಿದ್ದರು. ತುಯೆತ್ ಹಾಳೆಯನ್ನು ಇಸಿದುಕೊಂಡಳು. ಆಮೇಲೆ, "ಅಜ್ಜ ಊಟ ಮಾಡಲಿ, ನಾಳೆ ಮಾಡೋಣ," ಅಂದಳು. ಮೂರು ವಾರದ ಮೇಲೆ ಮೊದಲ ಸಲ ಅವರ ಎದುರು ಕೂತು ಊಟ ಮಾಡಿದಳು.

ಬೆಳಿಗ್ಗೆ ಉಪ್ಪಿಟ್ಟು ತಿಂದ ಮೇಲೆ ಮೇಜು ಒರೆಸಿಕೊಟ್ಟೆ. ತುಯೆತ್ ತಲೆ ಬಾಚಿಕೊಂಡು ಗೋಡೆಗೆ ಬೆನ್ನು ಮಾಡಿ ಕೂತಳು. ಸಾಕ್ಷಿ ಫೋನು ಹಿಡಿದಳು. ತುಯೆತ್ ರಾತ್ರಿ ತನ್ನ ಭಾಷೆಯಲ್ಲಿ ಬರೆದುಕೊಂಡಿದ್ದ ಹಾಳೆಯನ್ನು ಓದತೊಡಗಿದಳು. ಮಾವನವರ ಹೆಸರು ಬಂದಾಗ ನಮಗೆ ಗೊತ್ತಾಯಿತು. ಅವರು ತಲೆಯಾಡಿಸಿದರು, ಮುಂದೆ ಓದು ಎನ್ನುವಂತೆ. ಅವಳು ಹಾಳೆಯ ಕೊನೆಗೆ ಬಂದಳು. ಅಣ್ಣನ ಹೆಸರು ಬಂತು. ಅಲ್ಲಿ ನಿಂತಳು.

ಸಾಕ್ಷಿ ಫೋನನ್ನು ಇಳಿಸಲಿಲ್ಲ. ತುಯೆತ್ ಹಾಳೆಯನ್ನು ಮಡಿಚಿ ಬದಿಗಿಟ್ಟು, ಫೋನನ್ನು ನೇರ ನೋಡಿ, ನಾಲ್ಕೈದು ಸಣ್ಣ ಮಾತು ಹೇಳಿದಳು. ಎದ್ದು ಬಂದು ಫೋನು ಇಸಿದುಕೊಂಡಳು. ನಾವು ನೋಡುತ್ತಿದ್ದ ಹಾಗೆಯೇ, ಓದಿದ ಭಾಗವನ್ನೆಲ್ಲ ಕತ್ತರಿಸಿ, ಕೊನೆಯ ತುಂಡನ್ನು ಅಣ್ಣನ ಪುಟಕ್ಕೆ ಹಾಕಿಬಿಟ್ಟಳು.

"ಏನು ಹೇಳಿದೆ?" ನಾನು ಕೇಳಿದೆ.

"ಇವನು ನನ್ನ ಅಣ್ಣ ಅಂದೆ. ಸಂಘ ಕಟ್ಟಿದ ಅಂದೆ. ನನ್ನ ಹೆಸರು ಹೇಳಿದೆ. ಈ ಪುಟ ನಡೆಸುವವಳು ನಾನು ಅಂದೆ."

"ಅಮ್ಮನ ಭೇಟಿ?" ಅಂದರು ಸಿದ್ದಲಿಂಗೇಶ.

"ನಿನ್ನೆ ಅಮ್ಮನನ್ನು ಕೇಳಿದೆ. ಅಣ್ಣನನ್ನು ತಪ್ಪಿತಸ್ಥ ಅಂದು ಕೊಂಡುಕೊಂಡ ಅರ್ಧ ಗಂಟೆಯಲ್ಲಿ ಅವನ ಮುಖವನ್ನು ಹೇಗೆ ನೋಡಲಿ ಅಂದಳು." ತುಯೆತ್ ಮೂಗು ಒರೆಸಿಕೊಂಡಳು. "ಹತ್ತೊಂಬತ್ತನೇ ತಾರೀಖು ಭೇಟಿಯ ದಿನ. ಅಮ್ಮ ಹೋಗುತ್ತಾಳೆ. ಬಿಡುವುದಿಲ್ಲ. ಸಂಜೆಯವರೆಗೆ ಜೈಲಿನ ಗೇಟಿನ ಮುಂದೆ ಕೂತು ಬರುತ್ತಾಳೆ. ಮುಂದಿನ ತಿಂಗಳು ಮತ್ತೆ ಹೋಗುತ್ತಾಳೆ."

ಮಾವನವರು ಸಾಕ್ಷಿಯ ತೋಳು ಹಿಡಿದು, "ಏನಂದ್ಲು?" ಅಂದರು.

"ಅವರ ಅಮ್ಮ ಜೈಲಿನ ಗೇಟ್ ಹತ್ರ ಹೋಗಿ ಕೂತ್ಕೋತಾರಂತೆ ಅಜ್ಜಾ. ಎವೆರಿ ಮಂತ್."

"ಅಕಿ ಕೂಡ ಯಾರ್ಯಾರು?"

ಸಾಕ್ಷಿ ಕೇಳಿದಳು. ತುಯೆತ್ ತಲೆಯಲ್ಲಾಡಿಸಿದಳು.

"ಯಾರೂ ಇಲ್ಲಂತೆ. ಒಬ್ಬರೇ."

"ಒಬ್ಬಾಕೀನ?" ಅಂದರು ಮಾವನವರು. ಸಾಕ್ಷಿ ಹೌದು ಅಂದಳು. ಅವರು ನನ್ನ ಕಡೆ ತಿರುಗಿ, ನಾನಾದರೂ ಬೇರೆ ಏನೋ ಹೇಳುತ್ತೇನೆ ಎಂಬಂತೆ, ಮತ್ತೊಮ್ಮೆ ಕೇಳಿದರು.

"ಇನ್ನೂರು ಮಂದಿ ಇದ್ರಲ್ಲ ನೀಲವ್ವಾ, ಅವನ ಸಂಘದಾಗ. ಗೇಟಿಗೆ ಅಕಿ ಒಬ್ಬಾಕೀನ?"